ಆನಮುಡಿಯ ಕೆಂಪು ಮರಗಪ್ಪೆ: ಸಂಡೂರು ಸೀಮೆಯ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾದರೆ ಸಂಡೂರು, ತೋರಣಗಲ್ಲು, ಕುರುಗೋಡು, ಗಂಗಾವತಿ ಕಡೆಯಿಂದ ನಮಗೆ ಕಪ್ಪೆಗಳ ಫೋಟೊ ಬರತೊಡಗುತ್ತವೆ. ಜೊತೆಗೆ ಒಂದೇ ಪ್ರಶ್ನೆ: "ಸರ್, ಇದು ಆ ಅಪರೂಪದ ಗುಡ್ಡದ ಕಪ್ಪೇನಾ?" ಅಲ್ಲ. ಹಾಗಾದರೆ ಅದು ಯಾವುದು, ಎಲ್ಲಿದೆ, ಅದಕ್ಕೇನು ಕಷ್ಟ ಬಂದಿದೆ ಅಂತ ಮಾತು ಬೆಳೆಯುತ್ತದೆ. ಶಾಲೆ ಮಕ್ಕಳು, ರೈತರು, ಗಣಿಯಲ್ಲಿ ಕೆಲಸ ಮಾಡುವವರು ಕೇಳಿದ್ದನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇವೆ.

ಯಾವ ಕಪ್ಪೆ ಇದು? ಎಲ್ಲಿದೆ?

ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ಆನಮುಡಿ ಅಂತ ಒಂದು ಶಿಖರ ಇದೆ. ಎತ್ತರ 2,695 ಮೀಟರ್. ಇಡೀ ಪಶ್ಚಿಮ ಘಟ್ಟದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಅದರ ನೆತ್ತಿಯ ಮೇಲಿನ ಹುಲ್ಲಿನಲ್ಲಿ ಈ ಪುಟ್ಟ ಕಪ್ಪೆ ಬದುಕುತ್ತದೆ. ಮೈ ಬಣ್ಣ ಕಿತ್ತಳೆ ಬೆರೆತ ಕೆಂಪು. ಕಾಲು ಗಿಡ್ಡ. ಮೈ ಮೇಲೆ ಗಂಟು ಗಂಟಾಗಿ ಗ್ರಂಥಿಗಳು. ಎಸ್.ಡಿ. ಬಿಜು ಮತ್ತು ಅವರ ಸಂಗಡಿಗರು 2010ರಲ್ಲಿ ಇದನ್ನು ಮೊದಲ ಸಲ ವಿವರಿಸಿ ಹೆಸರಿಟ್ಟರು: ರಾವೊರ್ಕೆಸ್ಟಿಸ್ ರೆಸ್ಪ್ಲೆಂಡೆನ್ಸ್. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಂಚಿಗೆ ತೀರಾ ಹತ್ತಿರ ಇರುವ ಗುಂಪಿನಲ್ಲಿದೆ.

ಕಂಡುಹಿಡಿದಾಗ ಇದು ಸಿಕ್ಕಿದ್ದು ಶಿಖರದ ಸುತ್ತಲಿನ 3 ಚದರ ಕಿಲೋಮೀಟರ್‌ಗಿಂತ ಕಡಿಮೆ ಜಾಗದಲ್ಲಿ. ಅಂದರೆ 300 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 740 ಎಕರೆ. ಸಂಡೂರು ತಾಲೂಕಿನಲ್ಲಿ ಇದಕ್ಕಿಂತ ದೊಡ್ಡ ಗಣಿ ಗುತ್ತಿಗೆಗಳಿವೆ.

ಮರಗಪ್ಪೆ ಅಂತೀರಿ, ಹುಲ್ಲಲ್ಲಿ ಇರುತ್ತದೆ ಅಂತೀರಿ. ಯಾವುದು ಸರಿ?

ಎರಡೂ ಸರಿ. ಕುಲ ಮರಗಪ್ಪೆಯದು, ಬದುಕು ನೆಲದ್ದು. ಅಷ್ಟು ಎತ್ತರದಲ್ಲಿ ಗಾಳಿ, ಚಳಿ ಜಾಸ್ತಿ. ಕಣ್ಣು ಹಾಯಿಸಿದಷ್ಟೂ ಹುಲ್ಲು. ಅಲ್ಲಿ ಹತ್ತುವುದಕ್ಕೆ ದೊಡ್ಡ ಮರ ಎಲ್ಲಿಂದ ಬರಬೇಕು?

ಹೆಸರಿನಲ್ಲಿರುವ 'ರಾವ್' ಯಾರು?

ಸಿ.ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. ದಕ್ಷಿಣ ಭಾರತದ ಕಪ್ಪೆಗಳ ಮೇಲೆ ಕೂತು ಕೆಲಸ ಮಾಡಿದ ಮೊದಲಿಗರಲ್ಲಿ ಒಬ್ಬರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 2010ರಲ್ಲಿ ಆನಮುಡಿಯ ಕಪ್ಪೆಯೂ ಸೇರಿದ ಪೊದೆಗಪ್ಪೆಗಳ (ಸಣ್ಣ ಮರಗಪ್ಪೆಗಳ) ಒಂದು ಇಡೀ ಕುಲಕ್ಕೆ ಅವರ ಹೆಸರು ಸೇರಿಸಿದ ಲೇಖನ ಬಂದದ್ದು ಅದೇ ಪತ್ರಿಕೆಯಲ್ಲಿ. ಕರ್ನಾಟಕದ ಮಕ್ಕಳಿಗೆ ಇವರ ಹೆಸರು ಗೊತ್ತಿಲ್ಲದಿರುವುದು ಬೇಜಾರಿನ ವಿಷಯ.

ನಮ್ಮ ಬಚ್ಚಲ ಗೋಡೆಗೆ ಒಂದು ಕಪ್ಪೆ ಅಂಟಿಕೊಂಡಿರುತ್ತದೆ. ಅದು ಇದೇನಾ?

ಅಲ್ಲ, ಆದರೆ ಅದರ ದೂರದ ನೆಂಟ. ಕಂದು ಬಣ್ಣ, ಬೆರಳ ತುದಿಯಲ್ಲಿ ದುಂಡನೆಯ ಅಂಟುಬಿಲ್ಲೆ, ದೊಡ್ಡ ಕಣ್ಣು. ಇದು ಭಾರತದ ಸಾಮಾನ್ಯ ಮರಗಪ್ಪೆ. ಬಿಸಿಲುಕಾಲದಲ್ಲಿ ತಂಪು ಹುಡುಕಿಕೊಂಡು ಬಚ್ಚಲಿಗೆ, ಕಕ್ಕಸಿಗೆ, ನೀರಿನ ಟ್ಯಾಂಕಿನ ಪಕ್ಕಕ್ಕೆ ಬರುತ್ತದೆ.

ಬಳ್ಳಾರಿಯ ಬಿಸಿಲಿನಲ್ಲಿ ಕಪ್ಪೆಯೊಂದು ಒಣಗಿ ಹೋಗದೆ ಹೇಗೆ ಉಳಿಯುತ್ತದೆ ಅಂತ ಕೇಳಬೇಕಾದ ಪ್ರಾಣಿ ಇದು. ಚರ್ಮದಿಂದ ಒಂದು ಬಗೆಯ ಜಿಡ್ಡು ಒಸರುತ್ತದೆ. ಅದನ್ನು ಕೈಕಾಲುಗಳಿಂದ ಮೈಗೆಲ್ಲ ಸವರಿಕೊಳ್ಳುತ್ತದೆ. ಆಮೇಲೆ ಕೈಕಾಲು ಹೊಟ್ಟೆಯಡಿ ಮಡಚಿ ಅಲ್ಲಾಡದೆ ಕೂರುತ್ತದೆ. ಇದರಿಂದ ನೀರು ಆರುವುದು ಕಡಿಮೆಯಾಗುತ್ತದೆ ಎಂದು 1997ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಸುಮ್ನೆ ಕೂತಿದೆ ಅಂತ ನೀರು ಎರಚಿ ಎಬ್ಬಿಸಬೇಡಿ. ಫಿನಾಯಿಲ್ ಅಂತೂ ಅದರ ಮೇಲೆ ಬೀಳಲೇಬಾರದು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದಲ್ಲೂ ಚರ್ಮಕ್ಕೆ ಪಾಲಿದೆ. ಚರ್ಮಕ್ಕೆ ತಗುಲಿದ್ದೆಲ್ಲ ಮೈಯೊಳಗೆ ಹೋಗುತ್ತದೆ.

ಗುಡ್ಡದ ನೆತ್ತಿಯಲ್ಲಿ ಹೊಂಡ ಇರಲ್ಲ. ಗೊದಮೊಟ್ಟೆಗಳು ಎಲ್ಲಿ ಈಜುತ್ತವೆ?

ಗೊದಮೊಟ್ಟೆಯೇ ಇಲ್ಲ! ಆನಮುಡಿಯ ಕಪ್ಪೆ ಅಲ್ಲಿನ ಕುಳ್ಳ ಬಿದಿರಿನ ಬುಡದಲ್ಲಿ, ನೆಲಕ್ಕಿಂತ ಒಂದಿಷ್ಟೇ ಮೇಲೆ ಮೊಟ್ಟೆ ಇಡುತ್ತದೆ. ಅಲ್ಲಿ ಚಳಿ ಅತಿಯಾಗುವುದಿಲ್ಲ, ತೇವ ಆರುವುದಿಲ್ಲ. ಮೊಟ್ಟೆಯೊಳಗೇ ಬೆಳೆದು, ಸಣ್ಣ ಕಪ್ಪೆಯಾಗಿಯೇ ಹೊರಗೆ ಬರುತ್ತದೆ.

ಘಟ್ಟದ ಕಪ್ಪೆಗಳ ಬಾಣಂತನದ ಬಗ್ಗೆ ಮಾತು ಶುರುವಾದರೆ ಮುಗಿಯುವುದಿಲ್ಲ, ಒಂದೆರಡು ಹೇಳಿಬಿಡುತ್ತೇವೆ. ಆಗುಂಬೆ, ಕೊಡಗಿನ ಕಡೆ ಕಾಣುವ ಹಸಿರು ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ನೊರೆಗೂಡು ಕಟ್ಟುತ್ತದೆ. ಮರಿಗಳು ನೊರೆಯಿಂದ ನೇರ ಕೆಳಗಿನ ನೀರಿಗೆ ಬೀಳುತ್ತವೆ. ನಮ್ಮ ಬಚ್ಚಲ ಕಪ್ಪೆಯೂ ಮಾಡುವುದು ನೊರೆಗೂಡನ್ನೇ. ತೊಟ್ಟಿ, ಬಾವಿ ಗೋಡೆಗೆ ಸೋಪಿನ ಬುರುಗು ಅಂಟಿದಂತೆ ಕಂಡರೆ ಕೆರೆದು ತೆಗೆಯಬೇಡಿ, ಅದರೊಳಗೆ ಮೊಟ್ಟೆ ಇರುತ್ತದೆ.

ಇನ್ನೊಂದು ಮರಗಪ್ಪೆ ಇದೆ, ರಾಕೋಫೋರಸ್ ಲ್ಯಾಟರಾಲಿಸ್. 1883ರಲ್ಲಿ ಹೆಸರು ಪಡೆದದ್ದು ನೂರು ವರ್ಷಕ್ಕೂ ಮೇಲ್ಪಟ್ಟು ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಮತ್ತೆ ಸಿಕ್ಕಿದ್ದು ಕೊಡಗಿನ ಕಾಫಿ ತೋಟದಲ್ಲಿ. ಇದರ ಹೆಣ್ಣು ಮೊಟ್ಟೆ ಇಟ್ಟ ಮೇಲೆ ಎಲೆಯ ಅಂಚುಗಳನ್ನು ಕಾಲಿನಿಂದ ಎಳೆದು ಮಡಚಿ ಚೀಲ ಮಾಡುತ್ತದೆ. ಆ ಕೆಲಸಕ್ಕೆ ಗಂಡಿನ ಸಹಾಯ ಇಲ್ಲ. ಉತ್ತರ ಕನ್ನಡದ ಕುಂಬಾರ ಕಪ್ಪೆಯದು ಇದರ ಉಲ್ಟಾ. ಅಲ್ಲಿ ಗಂಡೇ ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಅದಕ್ಕೆ ಕುಂಬಾರ ಅಂತಲೇ ಹೆಸರಿಟ್ಟರು. ಆನಮುಡಿ ಕಪ್ಪೆಯದೇ ಕುಲದ ಇನ್ನೊಂದು ಇದೆ. ಅದು ವಾಟೆ ಬಿದಿರಿನ ಸಣ್ಣ ಸೀಳಿನಿಂದ ಒಳಗೆ ನುಸುಳಿ, ಬಿದಿರಿನ ಕೊಳವೆಯೊಳಗೇ ಮೊಟ್ಟೆ ಇಡುತ್ತದೆ. ಗಂಡು ಒಳಗೇ ಕೂತು ಕಾಯುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆವು ಅಂದರೆ, ಇವು ಒಂದೊಂದೂ ಒಂದೊಂದು ವಸ್ತುವಿಗೆ ಜೋತುಬಿದ್ದಿವೆ. ಒಂದಕ್ಕೆ ಎಲೆ ಬೇಕು, ಒಂದಕ್ಕೆ ಕೆಸರು, ಒಂದಕ್ಕೆ ಸೀಳಿರುವ ಬಿದಿರು. ಆ ವಸ್ತು ಹೋದರೆ ಕಪ್ಪೆಯನ್ನು ಯಾರೂ ಕೊಲ್ಲಬೇಕಾಗಿಯೇ ಇಲ್ಲ.

ಆನಮುಡಿ ಕಪ್ಪೆಗೆ ನಿಜವಾದ ಅಪಾಯ ಯಾವುದು? ಯಾರಾದರೂ ಹಿಡಿದು ಮಾರುತ್ತಾರಾ?

ಭಾರತದಿಂದ ಕಪ್ಪೆ ಕಾಲು ರಫ್ತಾಗುತ್ತಿದ್ದ ಕಾಲ ಇತ್ತು. 1987ರಲ್ಲಿ ಅದು ನಿಷೇಧವಾಯಿತು. ಅದಕ್ಕೆ ಬಲಿಯಾಗುತ್ತಿದ್ದದ್ದು ಗದ್ದೆಯ ದೊಡ್ಡ ಕಪ್ಪೆಗಳು. ಆನಮುಡಿಯದು ಹೆಬ್ಬೆರಳ ಮೇಲೆ ಕೂರುವಷ್ಟು ಚಿಕ್ಕದು, ತಿನ್ನುವವರ ಕಣ್ಣು ಅದರ ಮೇಲೆ ಬಿದ್ದಿಲ್ಲ.

ಅದರ ಅಪಾಯ ಇರುವುದು ವಿಳಾಸದಲ್ಲಿ. ಗುಡ್ಡ ಹತ್ತಿದಂತೆ ಹವೆ ತಣ್ಣಗಾಗುತ್ತದೆ, ಸಾವಿರ ಮೀಟರ್‌ಗೆ ಸುಮಾರು 6 ಡಿಗ್ರಿ. ತಿರುಗಿಸಿ ಲೆಕ್ಕ ಹಾಕಿ. ಭೂಮಿ 1 ಡಿಗ್ರಿ ಬಿಸಿಯಾದರೆ, ಮೊದಲಿನ ತಂಪೇ ಬೇಕು ಅನ್ನುವ ಪ್ರಾಣಿ 150–170 ಮೀಟರ್ ಮೇಲೆ ಹೋಗಬೇಕು. ಇಳಿಜಾರಿನ ನಡುವೆ ಇರುವ ಕಪ್ಪೆಗೆ ಮೇಲೆ ಜಾಗ ಇದೆ. ನೆತ್ತಿಯಲ್ಲೇ ಇರುವುದು ಎಲ್ಲಿಗೆ ಹೋಗಬೇಕು? ಅದರ ಮೇಲೆ ಇರುವುದು ಆಕಾಶ ಮಾತ್ರ.

ಕೆಳಗಿಳಿದು ಪಕ್ಕದ ಶಿಖರ ಹತ್ತಬಹುದಲ್ವಾ ಅಂತ ಕೇಳುವವರಿದ್ದಾರೆ. ಗಿಡ್ಡ ಕಾಲಿನ ಕಪ್ಪೆ ಬಿಸಿ ಕಣಿವೆಯಲ್ಲಿ ಇಳಿದು, ತೋಟ, ರಸ್ತೆ ದಾಟಿ ಇನ್ನೊಂದು ಬೆಟ್ಟ ಏರುವ ಮೊದಲೇ ಒಣಗಿ ಸಾಯುತ್ತದೆ. ಎತ್ತರದ ಒಂದೊಂದು ಶಿಖರವೂ ಅದಕ್ಕೆ ಒಂದೊಂದು ದ್ವೀಪ. ಘಟ್ಟದಲ್ಲಿ ಇಷ್ಟೊಂದು ಬಗೆಯ ಪೊದೆಗಪ್ಪೆ ಹುಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಲಕ್ಷಾಂತರ ವರ್ಷ ಆಚೆ ಈಚೆ ಹೋಗಲಾಗದೆ ಉಳಿದವು ಬೇರೆ ಬೇರೆಯಾದವು. ಈಗ ಅದೇ ಒಂಟಿತನ ಕುತ್ತಿಗೆಗೆ ಬಂದಿದೆ.

ಇನ್ನು ಮೋಡ. ಅಲ್ಲಿ ಮಳೆ ಇಲ್ಲದ ದಿನವೂ ಮಂಜು ಮತ್ತು ಮೋಡ ಹುಲ್ಲನ್ನು ನೆನೆಸುತ್ತವೆ. ನೀರಿನಲ್ಲಿ ಮೊಟ್ಟೆ ಇಡದ ಕಪ್ಪೆಗೆ ಆ ಒದ್ದೆಯೇ ಜೀವ. ಸರಿಯಾದ ಹೊತ್ತಿಗೆ ನಾಲ್ಕು ದಿನ ಬಿಸಿಲು ಹೊಡೆದರೆ ಮೊಟ್ಟೆ ಒಣಗುತ್ತದೆ. ಹುಲ್ಲಿಗೆ ಬೆಂಕಿ ಬಿದ್ದರೆ ಬಿದಿರಿನ ಬುಡವೂ ಉಳಿಯುವುದಿಲ್ಲ. ಜಾಗ ಇಷ್ಟು ಚಿಕ್ಕದಾದಾಗ ಒಂದು ಕೆಟ್ಟ ವರ್ಷ, ಒಂದು ಬೆಂಕಿ, ಒಂದು ರೋಗ ಸಾಕು.

ಸುಮ್ನೆ ಹೆದರಿಸುತ್ತಿದ್ದೇವೆ ಅನ್ನಿಸಿದರೆ ಕೋಸ್ಟಾ ರಿಕಾ ದೇಶದ ಚಿನ್ನದ ಬಣ್ಣದ ನೆಲಗಪ್ಪೆಯ ಕತೆ ಕೇಳಿ. ಅದೂ ಹೀಗೇ ಮೋಡ ಮುಸುಕಿದ ಒಂದೇ ಬೆಟ್ಟಸಾಲಿನ ಪ್ರಾಣಿ. 1987ರಲ್ಲಿ ನೂರಾರು ಒಟ್ಟಿಗೆ ಕಂಡವು. 1989ರಲ್ಲಿ ಕೊನೆಯ ಸಲ ಕಂಡಿತು. ಅದು ಇದ್ದದ್ದು ಕಾಪಾಡಿದ ಕಾಡಿನಲ್ಲೇ.

ಆನಮುಡಿ ನ್ಯಾಷನಲ್ ಪಾರ್ಕ್ ಒಳಗಿದೆ. ಹಾಗಾದರೆ ಸೇಫ್ ಅಲ್ವಾ?

ಅರ್ಧ ಸೇಫ್. ಎರವಿಕುಲಂ 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 97 ಚದರ ಕಿ.ಮೀ. ನೀಲಗಿರಿ ತಾರ್ ಎಂಬ ಕಾಡುಮೇಕೆಗೆ ಹೆಸರಾದ ಜಾಗ. ಅಲ್ಲಿ ಜೆಸಿಬಿ ಬರುವುದಿಲ್ಲ, ರೆಸಾರ್ಟ್ ಏಳುವುದಿಲ್ಲ. ಇದು ದೊಡ್ಡ ಮಾತು. ನಮ್ಮ ಗುಡ್ಡಗಳಿಗೆ ಆ ಭಾಗ್ಯ ಇಲ್ಲ. ಆದರೆ ಬಿಸಿ ಗಾಳಿಯನ್ನು ಗಾರ್ಡ್ ತಡೆಯಲಾರ.

2023ರಲ್ಲಿ ಜಗತ್ತಿನ 8,011 ಬಗೆಯ ಕಪ್ಪೆ ಮತ್ತು ಇತರ ಉಭಯವಾಸಿಗಳ ಸ್ಥಿತಿಗತಿ ಪ್ರಕಟವಾಯಿತು. ಅದರಲ್ಲಿ ಶೇ 41ರಷ್ಟು ಅಪಾಯದಲ್ಲಿವೆ. ಹಕ್ಕಿ, ಸಸ್ತನಿಗಳಿಗಿಂತ ಇವುಗಳ ಸ್ಥಿತಿ ಕೆಟ್ಟದಾಗಿದೆ. 2004ರ ನಂತರ ಸ್ಥಿತಿ ಹದಗೆಟ್ಟವುಗಳಲ್ಲಿ ಶೇ 39ಕ್ಕೆ ಹವಾಮಾನ ಬದಲಾವಣೆಯೇ ಮುಖ್ಯ ಕಾರಣ. ಪಶ್ಚಿಮ ಘಟ್ಟ ಇಂಥ ಕಪ್ಪೆಗಳು ಹೆಚ್ಚಿರುವ ಜಾಗಗಳಲ್ಲಿ ಒಂದು.

ಕಪ್ಪೆಗಳಿಗೂ ಒಂದು ಮಹಾಮಾರಿ ಬಂದಿದೆಯಂತೆ?

ಹೌದು. ಕೈಟ್ರಿಡ್ ಎಂಬ ಶಿಲೀಂಧ್ರ. ಚರ್ಮಕ್ಕೆ ಹತ್ತುತ್ತದೆ, ಮೈಯ ಉಪ್ಪಿನ ಅಂಶಗಳ ಹದ ತಪ್ಪಿಸುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳು ಇದರಿಂದ ಕುಸಿದಿವೆ, ಅವುಗಳಲ್ಲಿ 90 ಅಳಿದೇ ಹೋಗಿರಬಹುದು ಎಂದು 2019ರ ಅಧ್ಯಯನ ಹೇಳಿತು. ಪಶ್ಚಿಮ ಘಟ್ಟದಲ್ಲೂ ಈ ಶಿಲೀಂಧ್ರ ಸಿಕ್ಕಿದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಆದಂತೆ ಇಲ್ಲಿ ಸಾಮೂಹಿಕ ಸಾವು ಕಂಡುಬಂದಿಲ್ಲ. ಇದು ಮನುಷ್ಯರಿಗೆ ಹರಡುವುದಿಲ್ಲ. ನಮ್ಮ ಬೂಟಿನ ಕೆಸರಿನಲ್ಲಿ ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗಬಹುದು. ಚಾರಣ ಮುಗಿಸಿದ ಮೇಲೆ ಬೂಟು ತೊಳೆದು ಬಿಸಿಲಿಗಿಡಿ ಅಂತ ಹೇಳುವುದು ಅದಕ್ಕೇ.

ನಾಲ್ಕು ಜೋಡಿ ತಂದು ಸಂಡೂರಿನ ಗುಡ್ಡದಲ್ಲಿ ಬಿಟ್ಟರೆ?

ಒಳ್ಳೆ ಮನಸ್ಸಿನಿಂದ ಕೇಳುತ್ತಾರೆ, ಗೊತ್ತು. ಆದರೆ ನಮ್ಮ ಗುಡ್ಡಗಳ ಎತ್ತರ ಸಾವಿರ ಮೀಟರ್ ಆಸುಪಾಸು. ಬಳ್ಳಾರಿ ಸೀಮೆಯ ಮಳೆ ಬಹುಪಾಲು ವರ್ಷ 500–600 ಮಿ.ಮೀ. ಸುತ್ತ. ಆನಮುಡಿಯ ಕಪ್ಪೆ ಇಲ್ಲಿ ಒಂದು ಏಪ್ರಿಲ್ ಕೂಡ ದಾಟುವುದಿಲ್ಲ.

ಬದುಕಿದರೂ ತೊಂದರೆಯೇ. ನಮ್ಮ ಗದ್ದೆಯ ದೊಡ್ಡ ಕಪ್ಪೆಯನ್ನು ಯಾರೋ ಅಂಡಮಾನ್‌ಗೆ ಒಯ್ದರು. ಅಲ್ಲಿ ಅದು ಹಬ್ಬಿತು. ಅದರ ಗೊದಮೊಟ್ಟೆಗಳು ಅಲ್ಲಿನ ಕಪ್ಪೆಗಳ ಗೊದಮೊಟ್ಟೆಗಳನ್ನೇ ತಿನ್ನುತ್ತಿವೆ.

ಹಾಗಾದರೆ ನಮ್ಮ ಗುಡ್ಡದಲ್ಲಿ ಏನಿದೆ? ಅಪರೂಪದ್ದು ಏನೂ ಇಲ್ವಾ?

ಮೊದಲ ಮಳೆಗೆ ಎದ್ದು ಬರುವ ಬಿಲಗಪ್ಪೆಗಳು ಇವೆ. ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ. ಅದರಿಂದ ಹಿಂದಕ್ಕೆ ಹಿಂದಕ್ಕೆ ಮಣ್ಣು ತೋಡಿಕೊಂಡು ಒಳಗಿಳಿದು ಬೇಸಿಗೆ ಕಳೆಯುತ್ತವೆ. ಬೆರಳುಗುರಿನಷ್ಟು ಇದ್ದು ಊರೆಲ್ಲ ಕೇಳುವಂತೆ ಕೂಗುವ ಕಿರುಬಾಯಿ ಕಪ್ಪೆಗಳಿವೆ. ಬಂಡೆ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಮರಗಪ್ಪೆ ಇದೆ. ಇವೆಲ್ಲ ದೇಶದ ಬೇರೆ ಕಡೆಯೂ ಸಿಗುವ ಗುಂಪುಗಳು.

ಹೊಸದು ಸಿಗಲಾರದು ಅಂತ ಮಾತ್ರ ಹೇಳಲಾಗದು. ಬೆಂಗಳೂರಿನ ಹೊರವಲಯದಲ್ಲಿ, ದಿನವೂ ಜನ ಓಡಾಡುವ ಕಡೆ, 2020ರಲ್ಲಿ ಹೊಸ ಬಿಲಗಪ್ಪೆಗೆ ಬೆಂಗಳೂರಿನದೇ ಹೆಸರಿಟ್ಟಿದ್ದಾರೆ. ಕುಮಾರಸ್ವಾಮಿ ಬೆಟ್ಟ, ದೋಣಿಮಲೈ, ರಾಮಗಡ, ನಾರಿಹಳ್ಳದ ಕಣಿವೆ ನಮ್ಮ ಬಯಲಿಗಿಂತ ತಂಪು, ಹಸಿರು. ಸುತ್ತ ಒಣಭೂಮಿ, ನಡುವೆ ಹಸಿ ಗುಡ್ಡ. ಇದೂ ಒಂದು ಸಣ್ಣ ದ್ವೀಪವೇ.

ಆ ದ್ವೀಪದ ನೆತ್ತಿಯಲ್ಲೇ ಕಬ್ಬಿಣದ ಅದಿರು ಇರುವುದು ನಮ್ಮ ಹಣೆಬರಹ. ಆನಮುಡಿಯಲ್ಲಿ ನೆತ್ತಿ ಬಿಸಿಯಾಗುತ್ತಿದೆ, ಇಲ್ಲಿ ನೆತ್ತಿಯನ್ನೇ ಲಾರಿಗೆ ತುಂಬಿ ಕಳಿಸಿದ್ದೇವೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಮಿತಿ, ಷರತ್ತು ಹಾಕಿ ಹಂತ ಹಂತವಾಗಿ ಬಿಟ್ಟಿತು. ಕೆಂಪು ಧೂಳು ಮೊದಲಿನಷ್ಟಿಲ್ಲ, ನಿಜ. ಕಡಿದ ತುದಿಗೆ ಗಿಡ ನೆಡಬಹುದು, ನೆಡುತ್ತಲೂ ಇದ್ದಾರೆ. ಬಂಡೆ ಸಂದಿಯ ತೇವ, ಎಲೆಗೊಬ್ಬರದ ದಪ್ಪ ಹಾಸು, ಮೋಡ ತಡೆಯುವ ಅಂಚು ಮಾತ್ರ ಸಸಿಯ ಜೊತೆ ನರ್ಸರಿಯಿಂದ ಬರುವುದಿಲ್ಲ.

ಎಲ್ಲೋ ಕೇರಳದ ಕಪ್ಪೆ ಹೋದರೆ ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಏನು?

ಆ ಒಂದು ಕಪ್ಪೆ ಹೋದರೆ ನಾಳೆ ನಿಮ್ಮ ಗದ್ದೆಗೆ ಏನೂ ಆಗುವುದಿಲ್ಲ. ಹಾಗೆ ಹೇಳಿ ಹೆದರಿಸುವುದು ನಮಗೆ ಇಷ್ಟವೂ ಇಲ್ಲ.

ಆದರೆ ಅಂಥ ಕಪ್ಪೆ ಬದುಕುವ ಜಾಗ ಎಂಥದ್ದು ನೋಡಿ. ಎತ್ತರದ ಹುಲ್ಲುಗಾವಲು, ಮಡಿಲಲ್ಲಿ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು. ಮಳೆಯನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವ ನೆಲ. ತುಂಗಾ, ಭದ್ರಾ ಎರಡೂ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖದ ಅಂಥದೇ ಬೆಟ್ಟಗಳಲ್ಲಿ. ಸಿಂಧನೂರಿನ ಭತ್ತಕ್ಕೂ ಗಂಗಾವತಿಯ ಅಕ್ಕಿ ಗಿರಣಿಗೂ ಅಲ್ಲಿಂದಲೇ ನೀರು. ತುಂಗಭದ್ರಾ ಡ್ಯಾಮಿನಲ್ಲಿ ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಮೇಲಿನ ಮಣ್ಣು ಸಡಿಲವಾದಷ್ಟೂ ಕೆಳಗೆ ಹೂಳು ಜಾಸ್ತಿ.

ಕುದುರೆಮುಖದ ಅದಿರು ಗಣಿ 2005ರ ಕೊನೆಗೆ ನಿಂತಿತು. ಅಲ್ಲಿ ಅಗೆಯುತ್ತಿದ್ದ ಸರ್ಕಾರಿ ಕಂಪನಿಗೇ ಆಮೇಲೆ ಸಂಡೂರಿನ ದೇವದಾರಿ ಗುಡ್ಡದಲ್ಲಿ ಗಣಿ ಗೊತ್ತುಮಾಡಿದರು. ಅದರ ಮೇಲಿನ ಜಗಳ ಇಲ್ಲಿನವರಿಗೆ ಹೊಸದೇನಲ್ಲ. ಒಂದು ಬೆಟ್ಟ ಉಳಿದ ಖುಷಿಯಲ್ಲಿ ಇನ್ನೊಂದರ ಲೆಕ್ಕ ಮರೆತಿದ್ದೇವೆ ಅನ್ನುವುದು ನಮ್ಮ ಅಭಿಪ್ರಾಯ. ಒಪ್ಪದವರು ಇದ್ದಾರೆ, ಅವರ ಮನೆಯ ಒಲೆ ಗಣಿಯಿಂದಲೇ ಉರಿಯುತ್ತದೆ.

ಕಪ್ಪೆ ಮದುವೆ ಮಾಡಿದರೆ ಮಳೆ ಬರುತ್ತದಾ?

ಮಳೆ ಬರುವ ಮುಂಚೆ ಕಪ್ಪೆ ಕೂಗುವುದು ನಿಜ. ಹವೆಯ ತೇವ ಅದಕ್ಕೆ ನಮಗಿಂತ ಬೇಗ ಗೊತ್ತಾಗುತ್ತದೆ. ಹಿರಿಯರು ಅದನ್ನು ನೋಡಿಯೇ ಕಪ್ಪೆಗೂ ಮಳೆಗೂ ನಂಟು ಹಾಕಿರಬೇಕು. ಗುರ್ಜಿ ಆಡಿ, ಮದುವೆ ಮಾಡಿ, ಬೇಡ ಅನ್ನುವುದಿಲ್ಲ. ಅರಿಶಿನ ಕುಂಕುಮ ಮೆತ್ತಬೇಡಿ, ದಾರ ಬಿಗಿಯಬೇಡಿ, ಒಣ ಕೈಯಲ್ಲಿ ಬಹಳ ಹೊತ್ತು ಹಿಡಿಯಬೇಡಿ. ಶಾಸ್ತ್ರ ಮುಗಿದ ಕೂಡಲೇ ಹಿಡಿದ ಜಾಗದಲ್ಲೇ ಬಿಡಿ. ಮಣ್ಣಿನ ಕಪ್ಪೆ ಮಾಡಿ ಮದುವೆ ಮಾಡಿದರೂ ಊಟಕ್ಕೇನೂ ಕಡಿಮೆಯಾಗದು.

ಹೊಲದಲ್ಲಿ ಹಳದಿ ಕಪ್ಪೆಗಳು ಬಂದಿವೆ. ವಿಷದ್ದಾ?

ಅಲ್ಲ. ಅದು ಗದ್ದೆಯ ದೊಡ್ಡ ಕಪ್ಪೆಯ ಗಂಡು. ಮೊದಲ ಜೋರು ಮಳೆಗೆ ಮದುಮಗನ ಹಾಗೆ ಹಳದಿಯಾಗುತ್ತದೆ, ಗಂಟಲ ಚೀಲ ನೀಲಿಯಾಗುತ್ತದೆ. ಕೆಲವು ದಿನದಲ್ಲಿ ಬಣ್ಣ ಇಳಿಯುತ್ತದೆ. ಪ್ರತಿ ವರ್ಷ "ವಿದೇಶಿ ವಿಷಗಪ್ಪೆ" ಅಂತ ವಿಡಿಯೊ ಓಡಾಡುತ್ತದೆ, ಫಾರ್ವರ್ಡ್ ಮಾಡಬೇಡಿ.

ಮುಟ್ಟಿದರೆ ನರಹುಲಿ ಬರುತ್ತದಂತೆ?

ಇಲ್ಲ. ನರಹುಲಿ ಮನುಷ್ಯರಿಂದ ಮನುಷ್ಯರಿಗೆ ಬರುವ ವೈರಸ್. ನೆಲಗಪ್ಪೆಯ ಮೈ ರಸ ಕಣ್ಣಿಗೆ ತಾಗಿದರೆ ಉರಿಯುತ್ತದೆ, ಕೈ ತೊಳೆದರೆ ಆಯಿತು.

ಮುನ್ನಾರ್‌ಗೆ ಹೋದಾಗ ಆ ಕೆಂಪು ಕಪ್ಪೆ ನೋಡಬಹುದಾ?

ಪ್ರವಾಸಿಗರನ್ನು ಬಿಡುವುದು ರಾಜಮಲೆ ಭಾಗಕ್ಕೆ, ಶಿಖರಕ್ಕಲ್ಲ. ಬೇಲಿ ಹಾರಿ ಹುಲ್ಲಿನ ಬುಡ ಕೆದಕಿ ಹುಡುಕುವುದು ತಪ್ಪು. ಹುಡುಕುವ ಕೈಯೇ ಮೊಟ್ಟೆ ಕೆಡಿಸುತ್ತದೆ. ತಾರ್ ನೋಡಿ, ಮೋಡ ನೋಡಿ, ವಾಪಸ್ ಬನ್ನಿ.

ನಮ್ಮೂರಿನಲ್ಲಿ ಕಂಡ ಕಪ್ಪೆಯನ್ನು ಗುರುತಿಸಲು ಏನು ಕಳಿಸಬೇಕು?

ಹಿಡಿಯಬೇಡಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕಾಲ ಬೆರಳು ಕಾಣುವಂತೆ ಒಂದು ಫೋಟೊ ಸಾಕು. ಫ್ಲ್ಯಾಶ್ ಕಣ್ಣಿಗೆ ನೇರ ಬೇಡ. ಕೂಗುತ್ತಿದ್ದರೆ ಮೊಬೈಲಿನಲ್ಲಿ ಅರ್ಧ ನಿಮಿಷ ಧ್ವನಿ ರೆಕಾರ್ಡ್ ಮಾಡಿ. ಫೋಟೊಕ್ಕಿಂತ ಕೂಗು ಹೆಚ್ಚು ಹೇಳುತ್ತದೆ, ನೋಡಲು ಒಂದೇ ಥರ ಇರುವ ಎರಡು ಕಪ್ಪೆಗಳ ಕೂಗು ಬೇರೆ ಇರುತ್ತದೆ. ಊರು, ತಿಂಗಳು, ರಾತ್ರಿ ಎಷ್ಟು ಹೊತ್ತು, ಮಳೆ ಬಂದು ಎಷ್ಟು ದಿನವಾಗಿತ್ತು, ಇದ್ದದ್ದು ಬಂಡೆಯ ಮೇಲಾ ಮರದಲ್ಲಾ ನೀರಿನಲ್ಲಾ, ಇಷ್ಟು ಬರೆದು ಕಳಿಸಿ. ಗುಡ್ಡದಲ್ಲಿ ಕಂಡದ್ದಾದರೆ ನಿಖರವಾದ ಲೊಕೇಶನ್ ಅನ್ನು ಫೇಸ್‌ಬುಕ್ಕಿಗೆ ಹಾಕಬೇಡಿ, ನಮಗಷ್ಟೇ ತಿಳಿಸಿ. ಗಣಿ ಪ್ರದೇಶದ ಒಳಗೆ ಫೋಟೊ ತೆಗೆಯಲು ಅನುಮತಿ ಬೇಕಾಗುತ್ತದೆ, ಅಲ್ಲಿ ಕೆಲಸ ಮಾಡುವವರು ಮೊದಲು ಅದನ್ನು ಕೇಳಿಕೊಳ್ಳಿ.